ಬಳ್ಳಿ ಮುಚ್ಚಿದವನು

ಆ ಬಳ್ಳಿ ನನ್ನದಲ್ಲ. ನನ್ನದು ಎಂದು ಹೇಳಿದೆ. ಹೇಳಿದ್ದು ಒಂದೇ ಮಾತು, ಎರಡೇ ಅಕ್ಷರ — ‘ನಂದ್ರಿ’. ಹಾಗೆ ಹೇಳುವಾಗ ಬಳ್ಳಿ ಯಾರದೋ ಅವರು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅರ್ಧ ಬಣ್ಣ ಹಚ್ಚಿದ ತೊಟ್ಟಿಲಿನ ಮುಂದೆ, ಕುಂಚ ಹಿಡಿದು ಕೂತಿದ್ದರು. ಅವರಿಗೆ ಕೇಳಿಸಿತು. ಕೇಳಿಸಿತೋ ಇಲ್ಲವೋ ಎಂದು ಬರೆಯಲು ಕೈ ತುಡಿಯುತ್ತದೆ — ಇಲ್ಲ, ಕೇಳಿಸಿತು.

ಇದಾಗಿ ಏಳು ವರ್ಷ. ಈ ಏಳು ವರ್ಷದಲ್ಲಿ ಆ ದಿನವನ್ನು ಮನಸ್ಸಿನೊಳಗೆ ಎಷ್ಟು ಸಲ ತಿದ್ದಿದ್ದೇನೆಂದರೆ, ಈಗ ಬರೆಯಲು ಕೂತರೆ ನೆನಪು ಯಾವುದು, ತಿದ್ದಿದ್ದು ಯಾವುದು ಎಂದು ನನಗೇ... ತಿದ್ದುವುದು ನನ್ನ ಕಸುಬು. ಗೆರೆ ಸೊಟ್ಟಗಿದ್ದರೆ ನೆಟ್ಟಗೆ ಮಾಡುವುದು, ಎಡಕ್ಕೊಂದು ಹೂವಿದ್ದರೆ ಬಲಕ್ಕೂ ಒಂದು ಇಡುವುದು. ಆದ್ದರಿಂದ ಓದುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು: ಈ ಬರಹದಲ್ಲಿ ಯಾವ ಸಾಲು ತೀರಾ ಚೆಂದ ಕಂಡಿತೋ, ಆ ಸಾಲನ್ನು ನಂಬಬೇಡಿ.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಲಗ್ನಪತ್ರಿಕೆ, ಸೀರೆಯಂಚಿನ ಅಚ್ಚು, ಸಂಘ-ಸೊಸೈಟಿಗಳ ಕ್ಯಾಲೆಂಡರು — ಇವಕ್ಕೆಲ್ಲ ಚಿತ್ರ ಬರೆದುಕೊಡುತ್ತೇನೆ. ಬಾಗಿಲ ಮೇಲೆ ‘ಶ್ರೀಕಾಂತ, ಡಿಜೈನರ್’ ಎಂಬ ಬೋರ್ಡಿದೆ. ಬರೆದ ಪೇಂಟರ್ ‘ಸೈ’ ಬರೆಯುವಲ್ಲಿ ‘ಜೈ’ ಬರೆದ. ಕೇಳಿದರೆ, ಎಲ್ಲಾರೂ ಹಂಗ ಅಂತಾರಲ್ರಿ ಅಂದ. ಹಾಗೇ ಬಿಟ್ಟೆ. ತಪ್ಪು ಕಾಗುಣಿತದ ಆ ಪದ ನನ್ನ ಹೆಸರಿಗೆ ಹೇಗೆ ಅಂಟಿತು ಎಂಬುದನ್ನೇ ನಾನಿಲ್ಲಿ ಹೇಳಬೇಕಾಗಿದೆ.

ಇಸವಿ ಎಂಬತ್ತೆರಡೋ ಎಂಬತ್ತಮೂರೋ. ಚಿತ್ರಕಲಾ ಶಾಲೆಯ ಡಿಪ್ಲೊಮಾ ಮುಗಿಸಿದ್ದೆ, ವಯಸ್ಸು ಇಪ್ಪತ್ನಾಲ್ಕು. ಕೈಕಸುಬಿನವರಿಗೆ ನೆರವಾಗಬೇಕೆಂದು ಇದ್ದ ಒಂದು ಕಚೇರಿ — ಹೆಸರು ಬೇಡ, ತಪ್ಪು ಕಚೇರಿಯದಲ್ಲ — ನನ್ನನ್ನು ಆರು ತಿಂಗಳ ಮಟ್ಟಿಗೆ ಕಲಘಟಗಿಗೆ ಕಳಿಸಿತು. ಅಲ್ಲಿಯ ಬಣ್ಣದ ತೊಟ್ಟಿಲುಗಳಿಗೆ ಹೊಸ ಡಿಸೈನು ಮಾಡಿಕೊಡಬೇಕು. ನೇಮಕದ ಕಾಗದದಲ್ಲಿ ನನ್ನ ಹೆಸರಿನ ಮುಂದೆ ‘ಡಿಸೈನರ್’ ಎಂದು ಟೈಪಾಗಿತ್ತು. ಬಸ್ಸು ಮಿಶ್ರಿಕೋಟಿ ಕ್ರಾಸ್ ದಾಟುವುದರೊಳಗೆ ಆ ಕಾಗದವನ್ನು ಮೂರು ಸಲ ತೆಗೆದು ಓದಿದೆ.

ಕಚೇರಿಯವರು ತೋರಿಸಿಕೊಟ್ಟದ್ದು ಮೌನಪ್ಪ ಬಡಿಗೇರನ ಮನೆ. ಮೌನಪ್ಪ ಕಟ್ಟಿಗೆಯ ಕೆಲಸ ಮಾಡುತ್ತಿದ್ದ. ಬಣ್ಣ ಹಚ್ಚುವವರು ಅವನ ಅಣ್ಣನ ಹೆಂಡತಿ. ಆ ಅಣ್ಣ ಅಳ್ನಾವರದಲ್ಲಿ ರೈಲು ಹತ್ತಿ ಗೋವಾಕ್ಕೆ ಫರ್ನಿಚರ್ ಕೆಲಸಕ್ಕೆ ಹೋದವನು ಎರಡು ವರ್ಷ ಪತ್ರ ಬರೆದ, ಆಮೇಲೆ ಬರೆಯಲಿಲ್ಲ, ಬರಲೂ ಇಲ್ಲ. ಮೌನಪ್ಪ ಅವರನ್ನು ವೈನಿ ಎನ್ನುತ್ತಿದ್ದ. ನಾನೂ ವೈನಿ ಎಂದೆ. ಊರಿನಲ್ಲಿ ಎಲ್ಲರೂ ಹೇಳುವುದು ‘ಮೌನಪ್ಪನ ತೊಟ್ಟಿಲು’ ಎಂದೇ.

ಮೊದಲ ದಿನ ವೈನಿ ನಾನು ಏನು ಕೆಲಸ ಮಾಡುವವನು ಎಂದು ಕೇಳಿದರು. ಡಿಸೈನರ್ ಎಂದೆ. ಅಂದರೆ ಏನು ಎಂದು ನನ್ನನ್ನಲ್ಲ, ಮೈದುನನನ್ನು ಕೇಳಿದರು.

“ನಮೂನಿ ಮಾಡವ್ರು, ವೈನಿ,” ಅಂದ ಮೌನಪ್ಪ.

ವೈನಿ ನನ್ನ ಉದ್ದ ಕೂದಲು, ಹೆಗಲ ಚೀಲ, ನೆಲ ಗುಡಿಸುವ ಪ್ಯಾಂಟು ಎಲ್ಲವನ್ನೂ ಸಾವಕಾಶ ನೋಡಿದರು.

“ನಮೂನಿ ಮಾಡವ್ರೋ, ಇವ್ರ ಒಂದ್ ನಮೂನಿ ಅದಾರೋ?”

ನಮ್ಮ ಕಡೆ ನಮೂನಿ ಎಂದರೆ ಮಾದರಿ. ‘ಒಂದು ನಮೂನಿ’ ಎಂದರೆ ತಲೆ ಸ್ವಲ್ಪ ಆಚೀಚೆ ಇರುವವನು. ಮೌನಪ್ಪ ಉಳಿ ಕೆಳಗಿಟ್ಟು ನಕ್ಕ. ನಾನೂ ನಕ್ಕೆ. ಒಳಗೆ ಚುಚ್ಚಿತು ಎಂದು ಬರೆದರೆ ಅದೊಂದು ಕಾರಣವಾಗಿ ನಿಲ್ಲುತ್ತದೆ. ಚುಚ್ಚಿರಬಹುದು. ಕಾರಣ ಅದಲ್ಲ.

ಅವರು ಕೆಲಸ ಮಾಡುವ ರೀತಿ ನಾನು ಶಾಲೆಯಲ್ಲಿ ಕಲಿತದ್ದಕ್ಕೆ ತಿರುಗಾಮುರುಗ. ಪೆನ್ಸಿಲ್ ಇಲ್ಲ, ಅಳತೆ ಇಲ್ಲ. ಎಡಗೈಯಿಂದ ತೊಟ್ಟಿಲನ್ನು ತಿರುಗಿಸುತ್ತ ಬಲಗೈಯ ಕುಂಚವನ್ನು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಿಸುತ್ತಿದ್ದರು. ಬಳ್ಳಿ ಕುಂಚದಿಂದಲ್ಲ, ತೊಟ್ಟಿಲಿನ ಒಳಗಿಂದಲೇ ಹೊರಗೆ ಬಂದಂತೆ... ಈ ಸಾಲು ಚೆಂದವಾಯಿತು. ಬಿಡಿ. ಬಳ್ಳಿ ಕೂಸಿನ ತಲೆ ಇರುವ ಬದಿಯಿಂದ ಹೊರಟು, ನಾಲ್ಕೂ ಬದಿಯ ಪಟ್ಟಿ ಸುತ್ತಿ, ಹೊರಟ ಜಾಗಕ್ಕೆ ಇನ್ನೊಂದು ಗೇಣು ಇದೆ ಎನ್ನುವಾಗ ನಿಂತುಬಿಡುತ್ತಿತ್ತು. ಪ್ರತಿ ತೊಟ್ಟಿಲಿನಲ್ಲೂ ಹಾಗೆಯೇ. ಅಲ್ಲಿ ಬರೀ ಕೆಂಪು ನೆಲ, ಅರಗಿನ ಹೊಳಪು, ಮತ್ತೇನಿಲ್ಲ.

ಮರೆತಿರಾ ಎಂದು ಕೇಳಿದೆ.

“ಅದು ನಂದಲ್ರಿ ಮಾಸ್ತರ್ರ. ಹಡದವ್ರದು.”

ಕಾಗದ-ಪೆನ್ಸಿಲ್ ಹಿಡಿದವರೆಲ್ಲ ಅವರಿಗೆ ಮಾಸ್ತರರೇ. ಆಮೇಲೆ ತಿಳಿಸಿ ಹೇಳಿದರು. ಹೆಸರಿಡುವ ದಿನ ಕೂಸಿನ ತಾಯಿಯ ತವರಿನ ಹೆಂಗಸು ಯಾರಾದರೂ ಒಬ್ಬರು ಆ ಖಾಲಿ ಜಾಗದಲ್ಲಿ ಬೆರಳಿನಿಂದ ಕಾಡಿಗೆಯ ಒಂದು ಎಲೆ ಇಡುತ್ತಾರೆ. ಮುಂದಿನ ಕೂಸಿಗೆ ಇನ್ನೊಂದು. ತೊಟ್ಟಿಲು ತಂಗಿಯ ಮನೆಗೆ ಹೋದರೆ ಅಲ್ಲಿಯೂ ಒಂದು. ವೈನಿಯ ಅತ್ತೆ ಹಾಗೆ ಜಾಗ ಬಿಡುತ್ತಿದ್ದರಂತೆ, ಅತ್ತೆಯ ಅತ್ತೆಯೂ. “ಎಲ್ಲಾ ನಾನ ತುಂಬಿ ಕೊಟ್ರ, ಅವ್ರೇನ್ ಬರೇ ತೂಗಬೇಕೇನು?” ಎಂದು ನಕ್ಕರು.

ಅಂದು ನಾನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಹೀಗೆ: ‘ಬಳ್ಳಿ ಅಪೂರ್ಣ. ಸರಿಪಡಿಸಬೇಕು.’ ಇದನ್ನು ನೆನಪಿನಿಂದ ಹೇಳುತ್ತಿಲ್ಲ. ನೋಟ್‌ಬುಕ್ ಎದುರಿಗಿದೆ, ನೋಡಿ ಬರೆಯುತ್ತಿದ್ದೇನೆ.

ಮೂರನೆಯ ತಿಂಗಳಲ್ಲಿ ಕಚೇರಿಯಿಂದ ಒಂದು ಸುದ್ದಿ ತಂದೆ. ಹೆಂಗಸರಿಗೆ ತೊಟ್ಟಿಲ ಬಣ್ಣದ ಕೆಲಸ ಕಲಿಸುವ ಕೇಂದ್ರವೊಂದನ್ನು ಕಲಘಟಗಿಯಲ್ಲೇ ತೆರೆಯುತ್ತಾರೆ, ಕಲಿಸಲು ಒಬ್ಬರು ಬೇಕು. ಓದುಬರಹ ಬರಬೇಕೆಂದಿಲ್ಲ. ಸ್ವಂತ ನಮೂನೆಗಳನ್ನು ಹಾಳೆಯ ಮೇಲೆ ತೆಗೆದು ಅರ್ಜಿಯ ಜೊತೆ ಕೊಡಬೇಕು, ಅಷ್ಟೆ.

ಮೂರು ದಿನದ ಮೇಲೆ, ಮೌನಪ್ಪ ಕಟ್ಟಿಗೆ ತರಲು ಹೋಗಿದ್ದಾಗ, ವೈನಿ ತೊಟ್ಟಿಲಿನಿಂದ ಕಣ್ಣೆತ್ತದೆ ಕೇಳಿದರು — ಆ ನೌಕರಿಯನ್ನು ತನ್ನಂಥಾಕಿಗೆ ಖರೇ ಕೊಡುತ್ತಾರೆಯೇ ಎಂದು. ಯಾಕೆ ಕೊಡುವುದಿಲ್ಲ ಎಂದೆ.

“ಕೊಟ್ರ ಬಸ್ ಸ್ಟ್ಯಾಂಡಿನ ಬಾಜೂ ಒಂದ್ ಬಾಡಗಿ ಖೋಲಿ ಐತಿ. ಅದನ್ನ ಹಿಡೀತೇನಿ. ಉಣ್ಣಾಕ ಕೂತಾಗ ಯಾರ ಮಾರಿನೂ ನೋಡಬಾರದಂಗ.”

ಮೌನಪ್ಪ ಕೆಟ್ಟವನಲ್ಲ. ಅವನ ಹೆಂಡತಿಯೂ ಜಗಳಗಂಟಿ ಅಲ್ಲ. ಆದರೆ ಊಟಕ್ಕೆ ಕೂತಾಗ ಆಕೆ ‘ಇನ್ನೊಂದ್ ರೊಟ್ಟಿ ಹಾಕ್ಲ್ಯಾ’ ಎಂದು ಕೇಳುವ ರೀತಿಯನ್ನು ನಾನೂ ಕೇಳಿದ್ದೆ. ನನ್ನನ್ನು ಕೇಳುವಾಗ ಇದ್ದ ದನಿ ವೈನಿಯನ್ನು ಕೇಳುವಾಗ ಇರುತ್ತಿರಲಿಲ್ಲ.

ಹಾಳೆ ಕೊಟ್ಟೆ. ವೈನಿ ಕುಂಚ ಅದ್ದಿ, ರೂಢಿಯಂತೆ ಎಡಗೈ ಚಾಚಿದರು — ತಿರುಗಿಸಲು ಅಲ್ಲಿ ಏನೂ ಇರಲಿಲ್ಲ. ಬಳ್ಳಿ ಹಾಳೆಯ ಅಂಚಿಗೆ ಹೋಗಿ, ಅಂಚು ದಾಟಿ, ನೆಲದ ಮೇಲೆ ಇಳಿಯಿತು. ಇನ್ನೊಂದು ಹಾಳೆ ಕೊಟ್ಟೆ. ಮತ್ತೆ ಹಾಗೆಯೇ. “ಕಾಗದಾ ತಿರಗೂದಿಲ್ರಿ ಇದು,” ಎಂದು ನಕ್ಕರು. ಮೂರನೆಯ ಹಾಳೆಗೆ ನಗಲಿಲ್ಲ.

ಆಗ ನಾನೇ ಹೇಳಿದೆ. ಇದು ನಿಜ, ಯಾರೂ ಒತ್ತಾಯಿಸಲಿಲ್ಲ, ನಾನೇ: “ನೀವು ಕಟ್ಟಿಗಿ ಮ್ಯಾಲೆ ತಗೀರಿ ವೈನಿ. ನಾ ಅದನ್ನ ಕಾಗದದ ಮ್ಯಾಲೆ ಇಳಸ್ತೇನಿ. ನಿಮ್ಮ ಹೆಸರ್ಲೆನ ಕೊಡೂಣು.”

ಅರ್ಜಿಯನ್ನೂ ನಾನೇ ಬರೆದೆ. ಬರೆಯುವಾಗ ಹೆಸರು ಕೇಳಬೇಕಾಯಿತು. ಮೂರು ತಿಂಗಳು ಅವರ ಅಂಗಳದಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿದು, ಅವರ ಕೈ ನೋಡುತ್ತ ಇದ್ದವನಿಗೆ ಹೆಸರು ಗೊತ್ತಿರಲಿಲ್ಲ. ನೀಲವ್ವ. ಹೆಬ್ಬೆಟ್ಟು ಒತ್ತಿದರು. ಮಸಿಯನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ, ಅದು ಒಣಗಲೆಂದು ಕೈಯನ್ನು ಬಹಳ ಹೊತ್ತು ಎತ್ತಿ ಹಿಡಿದೇ ಇದ್ದರು.

ಏಳು ಹಾಳೆ ಇಳಿಸಿದೆ. ಒಂದೊಂದು ಹಾಳೆಯಲ್ಲೂ ತೊಟ್ಟಿಲಿನ ನಾಲ್ಕು ಪಟ್ಟಿಗಳನ್ನು ಒಂದರ ಕೆಳಗೊಂದು ಬರೆದೆ. ನಾಲ್ಕನೆಯ ಪಟ್ಟಿಯ ತುದಿಯಲ್ಲಿ ಒಂದಿಷ್ಟು ಖಾಲಿ ಬಿಡಬೇಕಿತ್ತು. ಬಿಡಲಿಲ್ಲ. ಮೂರು ಎಲೆ, ಒಂದು ಹೂ ಇಟ್ಟು ಬಳ್ಳಿಯನ್ನು ಅದರ ಬುಡಕ್ಕೆ ಕೂಡಿಸಿದೆ. ಹಾಳೆ ನೋಡಲು ತುಂಬಿದಂತಾಯಿತು. ಕೆಳಗಿನ ಮೂಲೆಯಲ್ಲಿ ಸಹಿ ಹಾಕಿದೆ.

ನನ್ನ ಸಹಿಯ ಬಗ್ಗೆ ಹೇಳಬೇಕು. ಆಗ ಅದರ ಮೇಲೆ ನನಗೆ ಬಹಳ ಪ್ರೀತಿ. ‘ಶ್ರೀ’ಯನ್ನು ಸುರುಳಿ ಸುರುಳಿಯಾಗಿ ಬಿಡಿಸಿ, ‘ಕಾಂತ’ವನ್ನು ಅದರ ಬಾಲದಂತೆ ಎಳೆದು, ಕೊನೆಗೊಂದು ಕುಡಿ ತಿರುಗಿಸುತ್ತಿದ್ದೆ. ಓದಲು ಬಾರದವರಿಗೆ ಅದು ಅಕ್ಷರವೇ ಅಲ್ಲ.

ವೈನಿಗೆ ಓದಲು ಬರುತ್ತಿರಲಿಲ್ಲ. ಹಾಳೆ ನೋಡಿ ಮೊದಲು ಕೊನೆಯ ಪಟ್ಟಿಯ ಮೇಲೆ ಬೆರಳಿಟ್ಟರು.

“ಮುಚ್ಚೀರಲ್ಲಾ ಮಾಸ್ತರ್ರ?”

ಕಾಗದದ ಮೇಲೆ ಹಾಗೇ ಇರಬೇಕು, ಅದು ರೂಢಿ ಎಂದೆ. ಬೆರಳು ಮೂಲೆಗೆ ಹೋಯಿತು. ಈ ಕುಡಿಯನ್ನು ತಾನು ತೆಗೆದಿಲ್ಲವಲ್ಲ ಎಂದರು.

“ಅದೂ ಕಾಗದದ ರೂಢಿನರಿ.”

ಅವರು ತಲೆಯಾಡಿಸಿದರು. ಕಟ್ಟಿಗೆಗೆ ಅದರದೇ ಒಂದು ಕಟ್ಟಳೆ ಇದೆ ಎಂದು ತಿಳಿದವರು, ಕಾಗದಕ್ಕೂ ಇರಬಹುದು ಎಂದು ಒಪ್ಪಿಕೊಂಡರು. ಸಂಜೆ ಬಂದ ಮೌನಪ್ಪನಿಗೆ ಅಲ್ಪಸ್ವಲ್ಪ ಓದು ಬರುತ್ತಿತ್ತು. ಮೂಲೆಯ ‘ಶ್ರೀ’ ಮಾತ್ರ ಅವನಿಗೆ ಓದಲು ಸಿಕ್ಕಿತು. ಶ್ರೀಕಾರ ಹಾಕಿದ್ದು ಚಲೋ ಆಯಿತು ಎಂದು ಬೆರಳನ್ನು ಕಣ್ಣಿಗೊತ್ತಿಕೊಂಡ. ನಾನು ಅವನಿಗೂ ಹೇಳಲಿಲ್ಲ.

ಅರ್ಜಿ ಕಳಿಸುವ ಮೊದಲೇ ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದರು. ಬೆಂಗಳೂರಿನ ಕಡೆಯವರು, ಒಳ್ಳೆಯ ಮನುಷ್ಯ. ಮೌನಪ್ಪ ಬಾಜೂ ಮನೆಯಿಂದ ಕುರ್ಚಿ ತಂದ. ಅವನ ಹೆಂಡತಿ ಚಹಾ ಇಟ್ಟಳು. ಸಾಹೇಬರು ಮುಗಿದ ತೊಟ್ಟಿಲೊಂದನ್ನು ತಿರುಗಿಸಿ ನೋಡುತ್ತ, ಖಾಲಿ ಜಾಗಕ್ಕೆ ಬಂದು ನಿಂತರು. ಕೆಲಸ ಯಾಕೆ ಅರ್ಧಕ್ಕೆ ಬಿಟ್ಟಿದ್ದೀರಿ ಎಂದು ಕೇಳಿದರು. ವೈನಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಹಾಳೆಗಳನ್ನು ಮುಂದೆ ಮಾಡಿದೆ. ಯಾಕೆ ಆ ಗಳಿಗೆಯಲ್ಲಿ — ಅವರ ಪರವಾಗಿ ತೋರಿಸಬೇಕೆಂದೇ ತೆಗೆದೆ ಎಂದು ಬಹಳ ವರ್ಷ ನಂಬಿದ್ದೆ.

ಸಾಹೇಬರು ಮೊದಲ ಹಾಳೆ ಬಿಡಿಸಿದರು. ಇಲ್ಲಿ ನೋಡಿ, ಪೂರ್ತಿಯಾಗಿದೆ, ಹೀಗಿರಬೇಕು ಎಂದರು. ಆಮೇಲೆ ಕೇಳಿದರು.

ಏನು ಕೇಳಿದರು? ಇಲ್ಲಿಯೇ ನನ್ನ ಏಳು ವರ್ಷದ ತಿದ್ದುಪಡಿ ಇರುವುದು. ನನ್ನ ನೆನಪಿನಲ್ಲಿ ಅವರು ಕೇಳಿದ್ದು ‘ಇದು ಯಾರ ಕೈ?’ ಎಂದು. ಹಾಗೆ ಕೇಳಿದ್ದರೆ ನನ್ನ ಉತ್ತರ ಸುಳ್ಳಲ್ಲ. ಗೆರೆ ಎಳೆದ ಕೈ ನನ್ನದೇ. ಆ ಒಂದು ‘ಕೈ’ ಹಿಡಿದುಕೊಂಡು ನಾನು ಮದುವೆಯಾದೆ, ಅಂಗಡಿ ಹಾಕಿದೆ, ಬೋರ್ಡು ಬರೆಸಿದೆ. ಆದರೆ ಮೌನಪ್ಪನ ನೆನಪಿನಲ್ಲಿ — ಈಚೆಗೆ ಅವನನ್ನೇ ಕೇಳಿದೆ — ಸಾಹೇಬರು ಕೇಳಿದ್ದು ‘ಈ ನಮೂನೆ ಯಾರದು?’ ಎಂದು. ಯಾರದು ಸರಿ ಎಂದು ನಾನು ತೀರ್ಮಾನ ಮಾಡಲಾರೆ. ಮಾಡುವ ಅಗತ್ಯವೂ ಇಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

“ನಂದ್ರಿ.”

ಸಾಹೇಬರು ವೈನಿಯ ಕಡೆ ತಿರುಗಿ, ಇದನ್ನು ನೋಡಿಕೊಂಡು ಇದರಂತೆಯೇ ಬಣ್ಣ ಹಚ್ಚುತ್ತೀರೇನಮ್ಮ ಎಂದು ಕೇಳಿದರು. ವೈನಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಹಾಳೆಯ ಮೂಲೆಯನ್ನು ನೋಡಿದಾಗ ಇದ್ದ ಮುಖವೇ — ಇದೂ ಕಾಗದದ ರೂಢಿಯೇ ಇರಬೇಕು ಎಂಬಂತೆ.

“ಹಚ್ತೇನ್ರಿ. ಮಾಸ್ತರ್ರು ಹೆಂಗ ಹೇಳ್ತಾರ ಹಂಗ.”

ಸಾಹೇಬರು ತಮ್ಮ ಡೈರಿಯಲ್ಲಿ ಬರೆದುಕೊಳ್ಳುತ್ತ ಓದಿದರು: ಬಣ್ಣ ತುಂಬುವವರು — ಚೆನ್ನಾಗಿ ತುಂಬುತ್ತಾರೆ. ಮೊದಲ ಹಾಳೆಯಲ್ಲಿ ಇರುವುದು ಇದ್ದ ಹಾಗೆ, ಒಂದು ಗೆರೆ ಹೆಚ್ಚು ಕಡಿಮೆ ಇಲ್ಲದೆ, ಹನ್ನೆರಡು ತೊಟ್ಟಿಲು ಆಗಬೇಕೆಂದು ಹೇಳಿ ಜೀಪು ಹತ್ತಿದರು.

ಧೂಳು ಇಳಿದ ಮೇಲೆ ನಾನು ಏನೋ ಒದರಿದೆ. ಅರ್ಜಿಯ ವಿಷಯ ಬೇರೆ, ಆಮೇಲೆ ಸಾಹೇಬರಿಗೆ ಸರಿಯಾಗಿ ತಿಳಿಸುತ್ತೇನೆ, ಹಾಗೆ ಹೀಗೆ. ವೈನಿ ಕುರ್ಚಿಯ ಕೆಳಗಿನ ಬಸಿ-ಕಪ್ಪು ಎತ್ತಿಕೊಂಡರು. “ತೊಳದ್ ಇಡತೇನ್ರಿ,” ಎಂದು ಒಳಗೆ ಹೋದರು. ಅರ್ಜಿ ನನ್ನ ಹೆಗಲ ಚೀಲದಲ್ಲಿತ್ತು. ಅಲ್ಲಿಯೇ ಉಳಿಯಿತು.

ಇನ್ನು ಹನ್ನೆರಡು ತೊಟ್ಟಿಲುಗಳು. ಮೊದಲನೆಯದು ಮುಗಿಯುವ ದಿನ ನಾನು ಹುಬ್ಬಳ್ಳಿಗೆ ಹೋಗಿ ಮಧ್ಯಾಹ್ನ ಮರಳಿದೆ. ವೈನಿ ಕೊನೆಯ ಪಟ್ಟಿ ತುಂಬಿದ್ದರು, ಬಳ್ಳಿ ಕೂಡಿಸಿದ್ದರು. ಅದರ ಕೆಳಗೆ ಮೂಲೆಯಲ್ಲಿ, ಹಾಳೆಯಲ್ಲಿ ಇದ್ದ ಜಾಗದಲ್ಲೇ, ಹಳದಿ ಬಣ್ಣದಲ್ಲಿ, ಹಸಿರು ಅಂಚು ಕೊಟ್ಟು — ನನ್ನ ಸಹಿ ಬರೆದಿದ್ದರು. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಇದ್ದ ಹಾಗೆ ಎಂದಿದ್ದರಲ್ಲ ಸಾಹೇಬರು; ಇದ್ದ ಹಾಗೆ ಮಾಡಿದ್ದರು. ಮೌನಪ್ಪನಿಗೆ ಅದು ಶ್ರೀಕಾರ. ಅವರಿಗೆ ಕಾಗದದ ರೂಢಿಯ ಒಂದು ಕುಡಿ.

“ಬರೋಬರಿ ಬಂದೈತೇನ್ರಿ?”

ಬಣ್ಣ ಇನ್ನೂ ಹಸಿಯಿತ್ತು. ಒಂದು ಚಿಂದಿ ಸಾಕಾಗಿತ್ತು. ಇದು ನನ್ನ ಹೆಸರು ವೈನಿ, ಇದನ್ನು ನಾನು ಬರೆಯಬಾರದಿತ್ತು, ನೀವು ಬರೆಯಬೇಡಿ — ಇಷ್ಟು ಹೇಳಿದ್ದರೆ ಸಾಕಾಗಿತ್ತು.

“ಅಗದಿ ಬರೋಬರಿ,” ಎಂದೆ.

ಇನ್ನೂ ಒಂದು ಹೇಳಬೇಕು; ಇದನ್ನು ಹೆಂಡತಿಗೂ ಹೇಳಿಲ್ಲ. ಆ ಹಳದಿ ಅಕ್ಷರಗಳನ್ನು ನೋಡಿ ನನಗೆ ಸಂತೋಷವಾಯಿತು. ನಾಚಿಕೆ ಆಮೇಲೆ ಬಂತು — ಎಷ್ಟು ಆಮೇಲೆ ಎಂದು ಸರಿಯಾಗಿ ಹೇಳಲಾರೆ. ಮೊದಲು ಬಂದದ್ದು ಸಂತೋಷ. ನನ್ನ ಹೆಸರನ್ನು ನಾನು ಎಂದೂ ಅಷ್ಟು ಚೆಂದ ಬರೆದಿರಲಿಲ್ಲ. ಇನ್ನೂ ಹನ್ನೊಂದು ಸಲ ಅವರು ಬರೆಯುವುದನ್ನು ಕೂತು ನೋಡಿದೆ.

ತರಬೇತಿ ಕೇಂದ್ರ ಆರಂಭವಾಯಿತು. ಕಲಿಸುವ ಕೆಲಸ ಸರ್ಟಿಫಿಕೇಟ್ ಇದ್ದ ಬೇರೆ ಊರಿನ ಒಬ್ಬರಿಗೆ ಸಿಕ್ಕಿತು. ವೈನಿಗೂ ಕೇಂದ್ರದಿಂದ ಕರೆ ಬಂತು — ಕಲಿಯಲು. ನನ್ನ ಏಳು ಹಾಳೆಗಳನ್ನು ಅಲ್ಲಿ ಗೋಡೆಗೆ ಹಚ್ಚಿದ್ದರಂತೆ. ವೈನಿ ಒಂದು ದಿನ ಹೋಗಿ, ಒಂದು ತಾಸು ಕೂತು ಎದ್ದು ಬಂದರೆಂದು ಮೌನಪ್ಪ ಹೇಳಿದ. ಅಷ್ಟರಲ್ಲಿ ನನ್ನ ಆರು ತಿಂಗಳು ಮುಗಿದಿತ್ತು. ಆ ಹಾಳೆಗಳ ಜೋರಿನ ಮೇಲೆ ನನಗೆ ಇನ್ನೆರಡು ವರ್ಷದ ಕೆಲಸ ಸಿಕ್ಕಿತು. ಡಿಸೈನರ್ ಎಂದು ಯಾರೋ ಕರೆದರೆ ತಿರುಗಿ ನೋಡುವುದು ರೂಢಿಯಾಯಿತು.

ಈಚೆಗೆ ಅಂಗಡಿಯ ಜಾಗ ಬದಲಿಸುವಾಗ ಹಳೆಯ ಟ್ರಂಕು ತೆಗೆದೆ. ಕಚೇರಿ ಮರಳಿಸಿದ್ದ ಮೊದಲ ಹಾಳೆ ಅಲ್ಲಿತ್ತು. ಅದರ ಸುರುಳಿಯ ಒಳಗೆ ನೀಲವ್ವನ ಹೆಬ್ಬೆಟ್ಟಿನ ಅರ್ಜಿ. ಹಾಳೆಯನ್ನು ಬೆಳಕಿಗೆ ಹಿಡಿದೆ. ಮಸಿಯ ಅಡಿಯಲ್ಲಿ ನನ್ನ ಪೆನ್ಸಿಲಿನ ಗೆರೆಗಳು ಇನ್ನೂ ಇದ್ದವು. ಮೊದಲು ಜಾಗ ಹಂಚಿಕೊಳ್ಳುವಾಗ ಎಳೆಯುವ ತೆಳು ಗೆರೆಗಳು. ನಾಲ್ಕು ಪಟ್ಟಿಗೆ ನಾಲ್ಕು ಚೌಕಟ್ಟು. ಮತ್ತು ಕೆಳಗಿನ ಮೂಲೆಯಲ್ಲಿ, ಐದನೆಯದಾಗಿ, ಒಂದು ಸಣ್ಣ ಚೌಕಟ್ಟು.

ಸಹಿಯ ಜಾಗ. ಒಂದೇ ಒಂದು ಎಲೆ ಬರೆಯುವ ಮೊದಲೇ ನಾನು ಅದನ್ನು ಅಳೆದು ತೆಗೆದಿಟ್ಟಿದ್ದೆ.

ಅಂದರೆ ಸಾಹೇಬರು ‘ಕೈ’ ಎಂದು ಕೇಳಿದರೋ ‘ನಮೂನೆ’ ಎಂದು ಕೇಳಿದರೋ — ಇನ್ನು ಅದರಿಂದ ಆಗಬೇಕಾದ್ದೇನೂ ಇಲ್ಲ. ಬಾಯಿ ತಪ್ಪಿ ಬಂದ ಮಾತು ಎಂದು ಏಳು ವರ್ಷ ಹೇಳಿಕೊಂಡದ್ದು, ಜೀಪು ಬರುವ ಎಷ್ಟೋ ದಿನ ಮೊದಲೇ ಪೆನ್ಸಿಲಿನಲ್ಲಿ ಇತ್ತು. ಕೂಸುಗಳ ಜಾಗ ಮುಚ್ಚಿದ್ದೆ. ನನ್ನ ಹೆಸರಿಗೆ ಜಾಗ ಬಿಟ್ಟಿದ್ದೆ. ಈ ಸಾಲು ಚೆಂದ ಕಂಡರೂ ನಂಬಬಹುದು. ಹಾಳೆ ಇದೆ, ಯಾರು ಬೇಕಾದರೂ ಬಂದು ನೋಡಬಹುದು.

ಹಾಳೆ, ಅರ್ಜಿ ಎರಡನ್ನೂ ತೆಗೆದುಕೊಂಡು ಕಲಘಟಗಿಗೆ ಹೋದೆ. ವೈನಿ ಅದೇ ಅಂಗಳದಲ್ಲಿ, ಅದೇ ಮಣೆಯ ಮೇಲೆ. ಕನ್ನಡಕ ಬಂದಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ಸಾಲಾಗಿ ಬರಲಿಲ್ಲ. ಸಹಿಯ ವಿಷಯಕ್ಕೆ ಬಂದಾಗ ಅವರು ಕೈಯೆತ್ತಿ ತಡೆದರು.

“ಅದನ್ನ ನಾ ಓದೀನ್ರಿ.”

ಮಠದ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ನಡೆಯುತ್ತಿತ್ತಂತೆ. ವೈನಿ ಹೋಗುತ್ತಿದ್ದರು. ಆ ದಿನಗಳಲ್ಲೇ ಹನ್ನೆರಡರೊಳಗಿನ ಒಂದು ತೊಟ್ಟಿಲು, ಪಟ್ಟಿ ಸೀಳಿ, ದುರಸ್ತಿಗೆಂದು ಮೌನಪ್ಪನ ಹತ್ತಿರ ಮರಳಿ ಬಂತು. ಒರೆಸುತ್ತಿದ್ದಾಗ ಮೂಲೆಯ ಕುಡಿ ಕಣ್ಣಿಗೆ ಬಿತ್ತು. ಮೊದಲು ‘ಶ್ರೀ’ ಸಿಕ್ಕಿತು. ಆಮೇಲೆ ‘ಕಾಂ’. ‘ತ’ ಹತ್ತಲಿಲ್ಲವಂತೆ — ನಾನು ಬಹಳ ಎಳೆದಿದ್ದೆ. ಮರುದಿನ ಮತ್ತೆ ಕೂತು ಓದಿದರು.

“ನನ್ನ ಹೆಸರು ಬರಿಯಾಕ ಕಲಿಯೂಕಿಂತ ಮೊದ್ಲ, ನಿಮ್ಮ ಹೆಸರು ಹನ್ನೆರಡ ಸಲ ಬರದೀನ್ರಿ ಮಾಸ್ತರ್ರ.”

ದನಿ ಏರಲಿಲ್ಲ. ಲೆಕ್ಕ ತಪ್ಪಬಾರದು ಎಂಬಂತೆ ಹೇಳಿದರು. ನನ್ನ ಬಾಯಿಗೆ ಬಂದದ್ದು ಆ ಖೋಲಿಯ ವಿಷಯ — ಬಸ್ ಸ್ಟ್ಯಾಂಡಿನ ಬಾಜೂದ್ದು. ಯಾಕೆ ಕೇಳಿದೆನೋ. “ಅದು ಸೈಕಲ್ ರಿಪೇರಿ ಅಂಗಡಿ ಆಗೇತ್ರಿ ಈಗ,” ಎಂದರು. ಅಂದರೆ ಆ ದಾರಿಯಲ್ಲಿ ಹೋಗುವಾಗ ಇನ್ನೂ ನೋಡುತ್ತಾರೆ.

ಆ ತೊಟ್ಟಿಲುಗಳು ಎಲ್ಲೆಲ್ಲಿವೆ ಎಂದು ಹುಡುಕಿ ನನ್ನ ಹೆಸರನ್ನು ಅಳಿಸುತ್ತೇನೆ ಎಂದೆ. ವೈನಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಹೆಸರು ಯಾಕ ಅಳಸ್ತೀರಿ? ಇರ್ಲಿ. ಬಳ್ಳಿ ಒಂದ್ ಗೇಣು ಕೆರದ್ ಬರ್ರಿ, ಕೂಸುಗೋಳಿಗೆ ಜಾಗಾ ಆಗ್ಲಿ. ಹೆಸರು ಹಂಗ ಇರ್ಲಿ. ಯಾರು ಮುಚ್ಚಿದ್ದು ಅಂತ ಓದಿದವ್ರಿಗೆ ತಿಳೀಬೇಕಲ್ಲ.”

ಅರಗನ್ನು ಹೇಗೆ ತೆಗೆಯಬೇಕೆಂದೂ ಹೇಳಿಕೊಟ್ಟರು. ಚಮಚದ ಬೆನ್ನು ಕಾಯಿಸಿ ಹತ್ತಿರ ಹಿಡಿಯಬೇಕು, ತಾಗಿಸಬಾರದು, ಮೆತ್ತಗಾದಾಗ ಕೆರೆಯಬೇಕು, ಕೆಳಗಿನ ಕೆಂಪು ನೆಲಕ್ಕೆ ಗಾಯವಾಗಬಾರದು. ಕೆಟ್ಟುಹೋದ ಒಂದು ಪಟ್ಟಿಯ ಮೇಲೆ ಎರಡು ಸಲ ಮಾಡಿಸಿ ನೋಡಿದರು. ಕಲಿಸುವುದು ಅವರಿಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಅಂದು ಕಂಡೆ. ಹಾಳೆ ಮತ್ತು ಅರ್ಜಿಯನ್ನು ಅವರು ಮುಟ್ಟಲಿಲ್ಲ. ವಾಪಸ್ಸು ತಂದೆ.

ಬೋರ್ಡು ಇನ್ನೂ ಅಂಗಡಿಯ ಮೇಲೆ ಇದೆ. ಇಳಿಸಿದೆ ಎಂದು ಬರೆಯಲು ಚೆಂದವಾಗಿತ್ತು. ಇಳಿಸಿಲ್ಲ.

ಹನ್ನೆರಡರಲ್ಲಿ ಐದರ ವಿಳಾಸ ಸಿಕ್ಕಿದೆ. ಮೊದಲು ಹೋದದ್ದು ಅಳ್ನಾವರಕ್ಕೆ, ಸ್ಟೇಶನ್ ಹಿಂದಿನ ಓಣಿಯ ಒಂದು ಮನೆಗೆ. ತೊಲೆಗೆ ತೂಗುಬಿಟ್ಟ ತೊಟ್ಟಿಲಿನಲ್ಲಿ ಒಂದು ಹೆಣ್ಣು ಕೂಸು ಮಲಗಿತ್ತು, ಅಜ್ಜಿ ಒಂದು ಕೈಯಿಂದ ತೂಗುತ್ತ ಇನ್ನೊಂದರಿಂದ ಅವರೆಕಾಯಿ ಸುಲಿಯುತ್ತಿದ್ದರು. ತೊಟ್ಟಿಲು ನೋಡಲು ಬಂದೆ ಎಂದೆ. ಕಲಘಟಗಿಯವನು ಎಂದುಕೊಂಡರೋ ಏನೋ, ಸರಕ್ಕನೆ ದೂರು ಶುರುಮಾಡಿದರು. ಅಳಿಯ ಧಾರವಾಡದ ಪ್ರದರ್ಶನದಲ್ಲಿ ತಂದದ್ದು, ಕೆಲಸ ನೋಡಿದರೆ ಕಲಘಟಗಿದೇ ಹೌದು, ಆದರೆ —

“ನಮ್ಮವ್ವನ ತೊಟ್ಟಿಲದಾಗ ಹನ್ನೊಂದ್ ಎಲಿ ಇದ್ದೂರಿ. ಇದರಾಗ ನನ್ನ ಮೊಮ್ಮಗಳದು ಎಲ್ಲಿಡ್ಲಿ? ಕಾಡಿಗಿ ಬೊಟ್ಟಿನ್ಯಾಗ ಹಿಡಕೊಂಡು ಸುತ್ತೂಕಡಿ ಹುಡುಕಿದ್ನಿ, ಎಲ್ಲ್ಯೂ ಜಾಗಾನ ಇಲ್ಲ. ಯಾವ ಪುಣ್ಯಾತ್ಮ ಮುಚ್ಚ್ಯಾನೋ ಇದನ್ನ. ಯಾರ್ರಿ ನೀವು?”

‘ಡಿಸೈನರ್’ ಎಂಬ ಆ ಪದ ನಾಲಿಗೆಯ ಮೇಲೆ ಬಂದು ನಿಂತಿತ್ತು. ಏಳು ವರ್ಷದ ಅಭ್ಯಾಸ. ಅವರ ಬೆರಳು ನಾಲ್ಕನೆಯ ಪಟ್ಟಿಯ ತುದಿಯಲ್ಲಿತ್ತು — ಮೂರು ಎಲೆ, ಒಂದು ಹೂ. ಆ ಇಡೀ ತೊಟ್ಟಿಲಿನಲ್ಲಿ ಯಾರದನ್ನೂ ನೋಡದೆ ನಾನೇ ಯೋಚಿಸಿ ಮಾಡಿದ್ದು ಅಷ್ಟೇ.

“ನಂದ್ರಿ,” ಎಂದೆ. “ಅದನ್ನ ಮುಚ್ಚಿದ್ದು ನಾನರಿ.”

ಅಜ್ಜಿ ತೂಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಚೀಲದಿಂದ ಚಮಚ, ಚಾಕು ತೆಗೆದು ಮುಂದಿಟ್ಟು, ಜಾಗ ಮಾಡಿಕೊಡಲು ಬಂದಿದ್ದೇನೆ ಎಂದು ಹೇಳಿದೆ. ಬಳ್ಳಿ ಯಾರದು ಎಂದು ಹೇಳಿದೆ, ಪೂರ್ತಿ ಹೆಸರು ಹೇಳಿದೆ. ಅವರು ಮತ್ತೆ ತೂಗಲು ಹಿಡಿದರು.

“ಈಗರ ಮಲಗೇತಿ. ಕೂಸು ಏಳೂ ತನಕಾ ಹೊರಗ ಕೂಡ್ರಿ.”

ಹೊರಗೆ ಕಟ್ಟೆಯ ಮೇಲೆ ಕೂತೆ.